ನಿಸರ್ಗವನ್ನು ಜೋಡಿಸಿಟ್ಟವರು: ಮಾರ್ಕ್ ಡಿಯಾನ್ ಅವರ ಕಲೆ



ಹಕ್ಕಿ, ಹೂ, ಹುಲಿಗಳನ್ನು ಸೊಗಸಾಗಿ ಬರೆಯುವ ಕಲಾವಿದರು ಎಲ್ಲ ದೇಶಗಳಲ್ಲೂ ಇದ್ದಾರೆ. ಅಮೆರಿಕದ ಮಾರ್ಕ್ ಡಿಯಾನ್ ಅವರ ದಾರಿಯೇ ಬೇರೆ. ನಿಸರ್ಗವನ್ನು ಮನುಷ್ಯರು ಹೇಗೆ ಕೂಡಿಟ್ಟರು, ಹೆಸರಿಟ್ಟರು, ಗಾಜಿನ ಹಿಂದೆ ನಿಲ್ಲಿಸಿದರು ಎಂಬುದೇ ಅವರ ಕಲೆಯ ವಸ್ತು. ಇವತ್ತಿನ ಉಪನ್ಯಾಸಕ್ಕೆ ಅವರನ್ನು ಆರಿಸಿಕೊಂಡದ್ದು ಇದೇ ಕಾರಣಕ್ಕೆ.

ಡಿಯಾನ್ ಹುಟ್ಟಿದ್ದು 1961ರಲ್ಲಿ, ಮ್ಯಾಸಚೂಸೆಟ್ಸ್‌ನ ನ್ಯೂ ಬೆಡ್‌ಫರ್ಡ್‌ನಲ್ಲಿ. ಒಂದು ಕಾಲಕ್ಕೆ ತಿಮಿಂಗಿಲ ಬೇಟೆಯಿಂದಲೇ ಸಿರಿವಂತವಾಗಿದ್ದ ಬಂದರು ಅದು. ಹಾರ್ಟ್‌ಫರ್ಡ್‌ನಲ್ಲೂ ನ್ಯೂಯಾರ್ಕ್‌ನಲ್ಲೂ ಕಲೆ ಕಲಿತರು. 1991ರಲ್ಲಿ ವೆನೆಜುವೆಲಾದ ಒರಿನೊಕೊ ನದಿಯ ಸೀಮೆಯ ಕಾಡಿಗೆ ಹೋಗಿ, ಹಿಂದಿನ ಪರಿಶೋಧಕರ ರೀತಿಯಲ್ಲೇ ಸಿಕ್ಕಿದ್ದನ್ನೆಲ್ಲ ಪೆಟ್ಟಿಗೆಗೆ ತುಂಬಿ ಕರಾಕಸ್‌ನ ಕಲಾಗ್ಯಾಲರಿಗೆ ಕಳಿಸಿದರು. ಪ್ರದರ್ಶನವಾದದ್ದು ಆ ಪೆಟ್ಟಿಗೆಗಳೇ.

1999ರ ಬೇಸಿಗೆಯಲ್ಲಿ ಲಂಡನ್ನಿನ ಟೇಟ್ ಸಂಸ್ಥೆಗಾಗಿ ಮಾಡಿದ ‘ಟೇಟ್ ಥೇಮ್ಸ್ ಡಿಗ್’ ಇನ್ನೂ ದೊಡ್ಡ ಕೆಲಸ. ನೀರು ಇಳಿದ ಹೊತ್ತಿನಲ್ಲಿ ಸ್ವಯಂಸೇವಕರು ಥೇಮ್ಸ್ ನದಿಯ ದಡದಲ್ಲಿ, ಮಿಲ್‌ಬ್ಯಾಂಕ್ ಮತ್ತು ಬ್ಯಾಂಕ್‌ಸೈಡ್‌ಗಳಲ್ಲಿ, ಕೆಸರು ಜಾಲಾಡಿದರು. ಮಣ್ಣಿನ ಚಿಲುಮೆ, ಪಿಂಗಾಣಿ ಚೂರು, ಮೂಳೆ, ಸಿಂಪಿ, ಪ್ಲಾಸ್ಟಿಕ್ ಆಟಿಕೆ, ಎಲ್ಲವನ್ನೂ ತೊಳೆದು ವಿಂಗಡಿಸಿದರು. ಕೊನೆಗೆ ಅವು ಸೇರಿದ್ದು ಹಳೆಯ ಮ್ಯೂಸಿಯಂಗಳಲ್ಲಿರುವಂಥ ಮಹಾಗನಿ ಬೀರುವಿಗೆ. ಯಾವುದಕ್ಕೂ ಕಾಲ ಬರೆದ ಚೀಟಿಯಿಲ್ಲ. ಮೂಳೆಯ ಜೊತೆ ಮೂಳೆ, ಗಾಜಿನ ಜೊತೆ ಗಾಜು. ಪುರಾತತ್ವಜ್ಞರು ಚಿಲುಮೆಯನ್ನು ಎತ್ತಿಟ್ಟುಕೊಂಡು ಆಟಿಕೆಯನ್ನು ಎಸೆದಾರು. ಡಿಯಾನ್ ಎರಡಕ್ಕೂ ಒಂದೇ ಮರ್ಯಾದೆ ಕೊಟ್ಟರು. ನೂರಾರು ವರ್ಷ ನದಿಗೆ ಬಿದ್ದದ್ದೆಲ್ಲ ಆ ನಗರದ ಚರಿತ್ರೆಯೇ ತಾನೆ?

ನನಗೆ ಹೆಚ್ಚು ಮುಖ್ಯವೆನಿಸುವುದು ಸಿಯಾಟಲ್‌ನ ‘ನ್ಯೂಕಮ್ ವೈವೇರಿಯಂ’. ಊರ ಹೊರಗಿನ ಕಾಡಿನಲ್ಲಿ 1996ರಲ್ಲಿ ಉರುಳಿದ ಒಂದು ಹೆಮ್ಲಾಕ್ ಮರದ 60 ಅಡಿ ಉದ್ದದ ದಿಮ್ಮಿ ಈಗ ಒಲಿಂಪಿಕ್ ಸ್ಕಲ್ಪ್‌ಚರ್ ಪಾರ್ಕಿನ ಗಾಜಿನ ಮನೆಯಲ್ಲಿ ಮಲಗಿದೆ. ಅದರ ಮೈಮೇಲೆ ಹಾವಸೆ, ಜರೀಗಿಡ, ಅಣಬೆ, ಹುಳುಹುಪ್ಪಟೆ, ಎಳೆಯ ಸಸಿಗಳು. ನೋಡಲು ಬಂದವರ ಕೈಗೆ ಭೂತಗನ್ನಡಿ ಸಿಗುತ್ತದೆ. ಅಲ್ಲಿನ ಜೀವಿಗಳ ಚಿತ್ರಗಳನ್ನು ಟೈಲ್ಸ್ ಮೇಲೆ ಬರೆಯಲಾಗಿದೆ. ಮಲೆನಾಡಿನಲ್ಲಿ ಬಿದ್ದ ಮರ ಹೀಗೆ ಹಸಿರಾಗುವುದನ್ನು ಕಂಡವರಿಗೆ ಇದರಲ್ಲೇನು ವಿಶೇಷ ಅನ್ನಿಸಬಹುದು. ವಿಶೇಷ ಇರುವುದು ಗಾಜಿನ ಮನೆಯಲ್ಲಿ. ಕಾಡು ಪುಕ್ಕಟೆಯಾಗಿ ಕೊಡುತ್ತಿದ್ದ ನೆರಳಿಗೆ ಇಲ್ಲಿ ಹಸಿರು ಛಾಯೆಯ ಗಾಜು ಬೇಕು; ತೇವಕ್ಕೆ, ನೀರಿಗೆ ಯಂತ್ರ ಬೇಕು, ಕಾಯುವ ಜನ ಬೇಕು. ಒಂದೇ ಒಂದು ದಿಮ್ಮಿಗೆ ಇಷ್ಟು ಏರ್ಪಾಡು! ಕಾಡು ಕಳೆದುಕೊಂಡರೆ ಅದನ್ನು ಮತ್ತೆ ಕಟ್ಟಲಾಗದು ಎಂಬುದನ್ನು ಇಷ್ಟು ಕರಾರುವಾಕ್ಕಾಗಿ ತೋರಿಸಿದ ಕಲಾಕೃತಿ ಇನ್ನೊಂದನ್ನು ನಾನು ಕಾಣೆ.

2018ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಗ್ಯಾಲರಿಯಲ್ಲಿ ಅವರು ಹಕ್ಕಿಗಳಿಗೊಂದು ಗ್ರಂಥಾಲಯ ಮಾಡಿದರು. ದೊಡ್ಡ ಪಂಜರ, ನಡುವೆ ಮರ, ಮರದ ತುಂಬ ಪುಸ್ತಕ, ಸುತ್ತ ಹಾರಾಡುವ ಜೀಬ್ರಾ ಫಿಂಚ್‌ಗಳು. ಹಕ್ಕಿಗಳ ಬಗ್ಗೆ ನಾವು ಬರೆದದ್ದು ಹಕ್ಕಿಗಳಿಗೆ ಬರಿಯ ಕೂರುವ ಜಾಗ.

ಚಿತ್ರಕಲೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಊರಿನ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೆ ಹೋಗಿ. ಅಲ್ಲಿ ಫಾರ್ಮಲಿನ್ ಬಾಟಲಿಯಲ್ಲಿರುವ ಹಾವನ್ನು ಬರೆಯುವಾಗ ಬಾಟಲಿಯನ್ನೂ, ಅದಕ್ಕೆ ಅಂಟಿಸಿದ ಚೀಟಿಯನ್ನೂ ಬಿಡದೆ ಬರೆಯಿರಿ.