ಬಿಬಿಸಿಯ ಶನಿವಾರ



ಬ್ರಿಟನ್ನಿನಲ್ಲಿ ಹಲವು ದಶಕಗಳ ಕಾಲ ಶನಿವಾರ ಸಂಜೆ ಐದಕ್ಕೆ ಸ್ವಲ್ಪ ಮುಂಚೆ ಲಕ್ಷಾಂತರ ಮನೆಗಳಲ್ಲಿ ಮಾತು ನಿಲ್ಲುತ್ತಿತ್ತು. ಬಿಬಿಸಿ ಟೆಲಿವಿಷನ್ನಿನಲ್ಲಿ ಲೆನ್ ಮಾರ್ಟಿನ್ ಅವರು ಆ ದಿನದ ಫುಟ್‌ಬಾಲ್ ಫಲಿತಾಂಶ ಓದುವ ಹೊತ್ತು ಅದು. ಮೊದಲ ತಂಡದ ಹೆಸರು, ಅದರ ಗೋಲುಗಳು. ಆಮೇಲೆ ಎರಡನೆಯ ತಂಡದ ಹೆಸರು. ಆ ಎರಡನೆಯ ಹೆಸರಿಗೆ ಬರುವಾಗ ದನಿ ಏರಿದರೆ ಆ ತಂಡ ಗೆದ್ದಿದೆ, ಇಳಿದರೆ ಸೋತಿದೆ. ಸಂಖ್ಯೆ ಹೇಳುವ ಮೊದಲೇ ಕೇಳುವವರಿಗೆ ತಿಳಿದುಬಿಡುತ್ತಿತ್ತು. ಫುಟ್‌ಬಾಲ್ ಪೂಲ್ಸ್ ಎಂಬ ಪಂಥದ ಚೀಟಿ ಕೈಯಲ್ಲಿ ಹಿಡಿದು, ಯಾವ ಪಂದ್ಯ ಸಮವಾಯಿತು ಎಂದು ಗುರುತು ಹಾಕುತ್ತ ಕೂತವರು ಎಷ್ಟೋ ಮಂದಿ. ಮಾರ್ಟಿನ್ 1958ರಿಂದ 1995ರಲ್ಲಿ ತೀರಿಕೊಳ್ಳುವವರೆಗೂ ಈ ಕೆಲಸ ಮಾಡಿದರು. ದನಿಯ ಏರಿಳಿತ ಒಂದೇ ಇಷ್ಟು ಅರ್ಥ ಹೊರಬಲ್ಲದು ಎಂಬುದು ರೇಡಿಯೋದಲ್ಲಿ ಮಾತಾಡುವ ನನ್ನಂಥವರಿಗೆ ದೊಡ್ಡ ಪಾಠ.

ಶನಿವಾರದ ಕಾರ್ಯಕ್ರಮಗಳು ಒಂದಕ್ಕೊಂದು ಸಂಬಂಧವಿಲ್ಲದ ಚೂರುಗಳು ಎಂದು ಮೇಲುನೋಟಕ್ಕೆ ಕಾಣುತ್ತದೆ. ಕುದುರೆ ಓಟ, ಮಕ್ಕಳ ಸಾಹಸ, ಪಾಪ್ ಹಾಡು, ಪೊಲೀಸ್ ಕಥೆ, ನಡುರಾತ್ರಿಯ ವಿಡಂಬನೆ. ಆದರೆ ಆ ದಿನವನ್ನು ಹೊಂದಿಸಿದವರ ಮನಸ್ಸಿನಲ್ಲಿ ಇಡೀ ಶನಿವಾರವೇ ಒಂದು ಕೃತಿಯಾಗಿತ್ತು. ಪ್ರದೇಶ ಸಮಾಚಾರ, ಕೃಷಿರಂಗ, ಚಿತ್ರಗೀತೆಗಳಿಂದಲೇ ಹೊತ್ತು ಅಳೆದ ಆಕಾಶವಾಣಿಯ ಕೇಳುಗರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಬ್ರಿಟನ್ನಿನಲ್ಲಿ ಇದು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ಖಾಲಿ ಬಿದ್ದ ಹೊತ್ತೇ ಹೊಸ ಕಾರ್ಯಕ್ರಮಗಳನ್ನು ಹುಟ್ಟಿಸಿತು.

ಮೊದಲ ಉದಾಹರಣೆ 1957ರದು. ಅಲ್ಲಿಯವರೆಗೆ ಸಂಜೆ ಆರರಿಂದ ಏಳರವರೆಗೆ ಟೆಲಿವಿಷನ್ ಬಂದ್ ಆಗಿರುತ್ತಿತ್ತು. ಆ ಒಂದು ಗಂಟೆಯಲ್ಲಿ ತಾಯಂದಿರು ಚಿಕ್ಕ ಮಕ್ಕಳನ್ನು ಮಲಗಿಸಲಿ ಎಂಬುದು ಉದ್ದೇಶ. 1955ರಲ್ಲಿ ಜಾಹೀರಾತಿನ ಆದಾಯದಿಂದ ನಡೆಯುವ ಐಟಿವಿ ಶುರುವಾದ ಮೇಲೆ ಈ ಕಟ್ಟಳೆಗೆ ವಿರೋಧ ಬಂತು. ಪರದೆ ಕತ್ತಲಾದರೆ ಜಾಹೀರಾತೂ ಇಲ್ಲವಲ್ಲ. 1957ರ ಫೆಬ್ರವರಿ 16ರ ಶನಿವಾರ ಕಟ್ಟಳೆ ಮುಗಿಯಿತು. ಅಂದೇ ಸಂಜೆ ಆರು ಗಂಟೆ ಐದು ನಿಮಿಷಕ್ಕೆ ಬಿಬಿಸಿ ‘ಸಿಕ್ಸ್-ಫೈವ್ ಸ್ಪೆಷಲ್’ ಆರಂಭಿಸಿತು. ರಾಕ್ ಅಂಡ್ ರೋಲ್ ಹಾಡುಗಳ ನಡುವೆ ಹುಡುಗ ಹುಡುಗಿಯರು ಕ್ಯಾಮೆರಾದ ಎದುರಿಗೇ ಕುಣಿದರು. ಮಕ್ಕಳನ್ನು ಮಲಗಿಸಲೆಂದು ಮೀಸಲಿಟ್ಟ ಗಂಟೆ ಹದಿಹರೆಯದವರ ಪಾಲಾಯಿತು.

ಮರುವರ್ಷ, 1958ರ ಅಕ್ಟೋಬರಿನಲ್ಲಿ, ‘ಗ್ರ್ಯಾಂಡ್‌ಸ್ಟ್ಯಾಂಡ್’ ಬಂತು. ಮಧ್ಯಾಹ್ನದಿಂದ ಸಂಜೆಯವರೆಗೆ ಹಲವು ಊರುಗಳ ಆಟದ ಮೈದಾನಗಳನ್ನು ಒಂದೇ ಮೇಜಿನಿಂದ ಹೆಣೆಯುವ ಕಾರ್ಯಕ್ರಮ. ಒಂದು ಊರಿನ ಕುದುರೆ ಓಟ ಮುಗಿಯುವಷ್ಟರಲ್ಲಿ ಇನ್ನೊಂದು ಊರಿನ ರಗ್ಬಿ. ಇಷ್ಟೆಲ್ಲ ಇದ್ದರೂ, ಜನ ಹೆಚ್ಚು ಪ್ರೀತಿಸುವ ಫುಟ್‌ಬಾಲ್ ಮಾತ್ರ ನೇರ ಪ್ರಸಾರದಲ್ಲಿ ಸಾಮಾನ್ಯವಾಗಿ ಇರುತ್ತಿರಲಿಲ್ಲ. ಮನೆಯಲ್ಲೇ ನೋಡಲು ಸಿಕ್ಕರೆ ಮೈದಾನಕ್ಕೆ ಯಾರು ಬರುತ್ತಾರೆ ಎಂಬ ಭಯ ಕ್ಲಬ್ಬುಗಳದು. ಬರ್ನ್ಲಿ ಕ್ಲಬ್ಬಿನ ಅಧ್ಯಕ್ಷ ಬಾಬ್ ಲಾರ್ಡ್ ಈ ವಿಷಯದಲ್ಲಿ ಹಟಹಿಡಿದು ನಿಂತವರು. ಶನಿವಾರ ಮಧ್ಯಾಹ್ನ ಮೂರರ ಪಂದ್ಯಗಳನ್ನು ನೇರವಾಗಿ ತೋರಿಸಬಾರದೆಂಬ ಆ ಕಾಲದ ನಿಯಮ ನಂತರವೂ ದಶಕಗಟ್ಟಲೆ ಉಳಿಯಿತು. ಹೀಗಾಗಿ ಜನ ಫುಟ್‌ಬಾಲನ್ನು ಕಣ್ಣಿಗಿಂತ ಹೆಚ್ಚಾಗಿ ಕಿವಿಯಿಂದ, ಅಂಕಿಗಳ ಮೂಲಕ ಅನುಭವಿಸಿದರು. ಲೆನ್ ಮಾರ್ಟಿನ್ ಅವರ ದನಿಗೆ ಅಷ್ಟು ಬೆಲೆ ಬಂದದ್ದು ಇದರಿಂದಲೇ.

ಈಗ ನನಗೆ ಅತ್ಯಂತ ಇಷ್ಟವಾದ ಘಟ್ಟಕ್ಕೆ ಬರುತ್ತೇನೆ. 1963ರ ಹೊತ್ತಿಗೆ ಬಿಬಿಸಿಯ ಶನಿವಾರದಲ್ಲಿ ಒಂದು ಕಂದಕವಿತ್ತು. ‘ಗ್ರ್ಯಾಂಡ್‌ಸ್ಟ್ಯಾಂಡ್’ ಮುಗಿದೊಡನೆ ಗಂಡಸರು ಏಳುತ್ತಿದ್ದರು. ಹೊಸ ಹಾಡುಗಳ ತಟ್ಟೆಗಳನ್ನು ಕೇಳಿ ತೀರ್ಪು ಕೊಡುವ ‘ಜ್ಯೂಕ್ ಬಾಕ್ಸ್ ಜ್ಯೂರಿ’ಗೆ ಹುಡುಗರು ಬಂದು ಕೂರುತ್ತಿದ್ದರು. ನಡುವಿನ ಹೊತ್ತಿನಲ್ಲಿ ಅಪ್ಪನೂ ಏಳದಂತೆ, ಮಕ್ಕಳೂ ಬಂದು ಕೂರುವಂತೆ ಏನು ಮಾಡುವುದು? ನಾಟಕ ವಿಭಾಗದ ಮುಖ್ಯಸ್ಥರಾಗಿದ್ದ ಕೆನಡಾ ಮೂಲದ ಸಿಡ್ನಿ ನ್ಯೂಮನ್ ಈ ಪ್ರಶ್ನೆಗೆ ಕೊಟ್ಟ ಉತ್ತರವೇ ‘ಡಾಕ್ಟರ್ ಹೂ’. ಕಾಲದಲ್ಲಿ ಹಿಂದಕ್ಕೂ ಮುಂದಕ್ಕೂ ಪಯಣಿಸುವ ಒಬ್ಬ ವಿಚಿತ್ರ ಮುದುಕ, ಬೀದಿಬದಿಯ ಪೊಲೀಸ್ ಫೋನ್ ಪೆಟ್ಟಿಗೆಯ ಆಕಾರದ ಅವನ ನೌಕೆ.

ಆ ಕೆಲಸವನ್ನು ನ್ಯೂಮನ್ ಯಾರಿಗೆ ವಹಿಸಿದರು ನೋಡಿ. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್‌ಗೆ ಆಗ 27 ವರ್ಷ. ಮೊದಲ ಕಥೆಯ ನಿರ್ದೇಶಕ ವಾರಿಸ್ ಹುಸೇನ್ ಲಖನೌದಲ್ಲಿ ಹುಟ್ಟಿದವರು, ವಯಸ್ಸು 24. ಗಂಡಸರೇ ತುಂಬಿದ್ದ, ಬಿಳಿಯರೇ ತುಂಬಿದ್ದ ಆ ಸಂಸ್ಥೆಯಲ್ಲಿ ಒಬ್ಬ ಯುವತಿ ಮತ್ತು ಒಬ್ಬ ಭಾರತೀಯ ಯುವಕ, ಲೈಮ್ ಗ್ರೋವ್‌ನ ಇಕ್ಕಟ್ಟಾದ ಹಳೆಯ ಸ್ಟುಡಿಯೋದಲ್ಲಿ, ಅರವತ್ತು ವರ್ಷ ದಾಟಿ ಬಾಳಿದ ಒಂದು ಪುರಾಣವನ್ನು ಕಟ್ಟಿದರು. ಶೀರ್ಷಿಕೆ ಸಂಗೀತ ಸಿದ್ಧವಾದದ್ದು ರೇಡಿಯೋ ನಾಟಕಗಳಿಗೆ ವಿಚಿತ್ರ ಸದ್ದುಗಳನ್ನು ಒದಗಿಸುತ್ತಿದ್ದ ರೇಡಿಯೋಫೋನಿಕ್ ವರ್ಕ್‌ಶಾಪಿನಲ್ಲಿ. ರಾನ್ ಗ್ರೈನರ್ ಬರೆದ ರಾಗವನ್ನು ಡೆಲಿಯಾ ಡರ್ಬಿಶೈರ್ ವಾದ್ಯವೃಂದದ ಹಂಗಿಲ್ಲದೆ ಟೇಪಿನ ಚೂರುಗಳನ್ನು ಕತ್ತರಿಸಿ, ಅಂಟಿಸಿ, ಸ್ವರ ಸ್ವರವಾಗಿ ಕಟ್ಟಿದರು.

ಮೊದಲ ಕಂತು ಪ್ರಸಾರವಾದದ್ದು 1963ರ ನವೆಂಬರ್ 23ರ ಶನಿವಾರ. ಹಿಂದಿನ ದಿನವಷ್ಟೇ ಅಮೆರಿಕದ ಡಲ್ಲಾಸ್‌ನಲ್ಲಿ ಅಧ್ಯಕ್ಷ ಕೆನಡಿಯ ಹತ್ಯೆಯಾಗಿತ್ತು. ಕಂತು ಸಂಜೆ ಐದೂಕಾಲಕ್ಕಿಂತ ಒಂದು ನಿಮಿಷ ಚಿಲ್ಲರೆ ತಡವಾಗಿ ಆರಂಭವಾಯಿತು. ನೋಡುಗರ ಮನಸ್ಸು ಬೇರೆಡೆ ಇದ್ದುದರಿಂದಲೂ, ಕೆಲವೆಡೆ ಕರೆಂಟು ಹೋಗಿದ್ದರಿಂದಲೂ ಮುಂದಿನ ಶನಿವಾರ ಎರಡನೆಯ ಕಂತಿಗೆ ಮೊದಲು ಅದನ್ನು ಮತ್ತೆ ತೋರಿಸಿದರು. ಮೊದಲ ಕಂತು ಬಂದ ಆ ನವೆಂಬರ್ 23ರ ರಾತ್ರಿಯೇ ‘ದಟ್ ವಾಸ್ ದಿ ವೀಕ್ ದಟ್ ವಾಸ್’ ಎಂಬ, ರಾಜಕಾರಣಿಗಳನ್ನು ಬಿಡದೆ ಕುಟುಕುತ್ತಿದ್ದ ವಿಡಂಬನೆ ಕಾರ್ಯಕ್ರಮ ತನ್ನ ನಗೆಯನ್ನೆಲ್ಲ ಬದಿಗಿಟ್ಟು ಕೆನಡಿಗೆ ಚಿಕ್ಕದೊಂದು ಶ್ರದ್ಧಾಂಜಲಿ ಸಲ್ಲಿಸಿತು. ಒಂದೇ ಪರದೆಯಲ್ಲಿ ಆಟ, ಅದ್ಭುತ, ಶೋಕ ಮೂರೂ ಒಂದೇ ದಿನ. ವೈವಿಧ್ಯ ಎನ್ನುವುದಾದರೆ ಇದಕ್ಕೆ ಎನ್ನಬೇಕು.

1964ರ ಆಗಸ್ಟ್ 22ರಂದು ‘ಮ್ಯಾಚ್ ಆಫ್ ದಿ ಡೇ’ ಶುರುವಾಯಿತು. ನೇರವಾಗಿ ತೋರಿಸುವಂತಿಲ್ಲದ ಪಂದ್ಯದ ಮುಖ್ಯ ಭಾಗಗಳನ್ನು ಆಮೇಲೆ ತೋರಿಸುವ ಉಪಾಯ. ಲಿವರ್‌ಪೂಲ್ ತಂಡ ಆರ್ಸೆನಲ್ ವಿರುದ್ಧ 3-2ರಿಂದ ಗೆದ್ದ ಆ ಮೊದಲ ಪಂದ್ಯವನ್ನು ಬಿಬಿಸಿ 2ರಲ್ಲಿ ನೋಡಿದವರು ಸುಮಾರು 20,000 ಜನ. ಮೈದಾನದಲ್ಲಿದ್ದವರು ಅದರ ಎರಡು ಪಟ್ಟಿಗೂ ಹೆಚ್ಚು!

ಎಪ್ಪತ್ತರ ದಶಕ ಬರುವಷ್ಟರಲ್ಲಿ ಶನಿವಾರವನ್ನು ಹೊಂದಿಸುವ ಈ ಕಲೆ ಪಕ್ವವಾಗಿತ್ತು. ‘ಡಿಕ್ಸನ್ ಆಫ್ ಡಾಕ್ ಗ್ರೀನ್’ನ ಸಜ್ಜನ ಪೊಲೀಸನಾಗಿ ಜಾಕ್ ವಾರ್ನರ್ ಎಂಬತ್ತರ ವಯಸ್ಸಿನವರೆಗೂ ನಟಿಸಿದರು. 1971ರಲ್ಲಿ ಬ್ರೂಸ್ ಫೋರ್ಸೈತ್ ಅವರ ‘ಜನರೇಷನ್ ಗೇಮ್’ ಬಂತು. ಒಂದೇ ಕುಟುಂಬದ ಎರಡು ತಲೆಮಾರಿನವರು ಜೋಡಿಯಾಗಿ ಆಡುವ ಆಟ ಅದು. ಕೊನೆಯಲ್ಲಿ ಚಲಿಸುವ ಪಟ್ಟಿಯ ಮೇಲೆ ಬಹುಮಾನಗಳು ಸಾಲಾಗಿ ಸಾಗುತ್ತವೆ. ನೆನಪಿಟ್ಟು ಹೇಳಿದಷ್ಟೂ ಗೆದ್ದವರದು. ಮನೆಯಲ್ಲಿ ಕೂತವರೂ ಪರದೆಯತ್ತ ವಸ್ತುಗಳ ಹೆಸರು ಕೂಗುತ್ತಿದ್ದರು. ಬೆಳಗಿನ ಹೊತ್ತು ಮಕ್ಕಳದಾಯಿತು: 1976ರಿಂದ ನೋಯೆಲ್ ಎಡ್ಮಂಡ್ಸ್ ಅವರ ‘ಸ್ವಾಪ್ ಶಾಪ್’ನಲ್ಲಿ ಮಕ್ಕಳು ಫೋನ್ ಮಾಡಿ ತಮ್ಮ ಆಟಿಕೆಗಳನ್ನು ಬದಲಾಯಿಸಿಕೊಳ್ಳುತ್ತಿದ್ದರು.

ಪ್ರತಿಸ್ಪರ್ಧಿಗಳೂ ಸುಮ್ಮನಿರಲಿಲ್ಲ. ಐಟಿವಿಯ ‘ವರ್ಲ್ಡ್ ಆಫ್ ಸ್ಪೋರ್ಟ್’ ಸಂಜೆ ನಾಲ್ಕಕ್ಕೆ ಕುಸ್ತಿ ತೋರಿಸುತ್ತಿತ್ತು. ಅಜ್ಜಿಯರು ಕೂಡ ಪಟ್ಟಾಗಿ ಕೂತು ನೋಡುತ್ತಿದ್ದ ಕುಸ್ತಿ ಅದು. ಲಂಡನ್ನಿನಲ್ಲಂತೂ ವಾರಾಂತ್ಯಕ್ಕೆಂದೇ ಪ್ರತ್ಯೇಕ ಕಂಪನಿಯಿತ್ತು. 1968ರಲ್ಲಿ ಆರಂಭವಾದ ಲಂಡನ್ ವೀಕೆಂಡ್ ಟೆಲಿವಿಷನ್ ಶುಕ್ರವಾರ ಸಂಜೆ ಪ್ರಸಾರ ಆರಂಭಿಸಿದರೆ ಭಾನುವಾರ ರಾತ್ರಿಗೆ ಅದರ ಪಾಳಿ ಮುಗಿಯಿತು; ಉಳಿದ ದಿನಗಳು ಬೇರೆ ಕಂಪನಿಯವು.

ನಮ್ಮ ಪಾಲೂ ಆ ಶನಿವಾರದಲ್ಲಿ ಸೇರಿತು. ಇಲ್ಲಿ ಭಾನುವಾರದ ಬೆಳಗುಗಳಲ್ಲಿ ಬೀದಿಗಳನ್ನೇ ಖಾಲಿ ಮಾಡಿಸಿದ ಬಿ. ಆರ್. ಚೋಪ್ರಾ ಅವರ ‘ಮಹಾಭಾರತ’ 1990ರಲ್ಲಿ ಇಂಗ್ಲಿಷ್ ಅಡಿಬರಹದೊಂದಿಗೆ ಬಿಬಿಸಿ 2ರ ಶನಿವಾರ ಮಧ್ಯಾಹ್ನಕ್ಕೆ ಬಂತು. ಅಲ್ಲಿ ನೆಲೆಸಿದ ಭಾರತೀಯ ಕುಟುಂಬಗಳು ಮಾತ್ರವಲ್ಲ, ಕೃಷ್ಣನ ಹೆಸರನ್ನೇ ಸರಿಯಾಗಿ ಕೇಳಿರದ ಇಂಗ್ಲಿಷರೂ ಕಂತು ತಪ್ಪಿಸದೆ ನೋಡಿದರು.

ಆದರೆ ಎಂಬತ್ತರ ದಶಕದಲ್ಲೇ ನೂಲು ಸಡಿಲವಾಗತೊಡಗಿತ್ತು. ವಿಡಿಯೋ, ಉಪಗ್ರಹ ವಾಹಿನಿಗಳು ಬಂದವು. 1982ರಲ್ಲಿ ‘ಡಾಕ್ಟರ್ ಹೂ’ವನ್ನು ಶನಿವಾರದಿಂದ ಕಿತ್ತು ವಾರದ ನಡುವೆ ಇಟ್ಟರು. ಮತ್ತೆ ಒಂದಷ್ಟು ಕಾಲ ಶನಿವಾರಕ್ಕೆ ತಂದರೂ ಹಳೆಯ ಬೇರು ಹಿಡಿಯಲಿಲ್ಲ. 1989ರಲ್ಲಿ ನಿಂತೇ ಹೋಯಿತು. ಐದು ಗಂಟೆ ದಾಟಿದ ಚಳಿಗಾಲದ ಕತ್ತಲಲ್ಲಿ ಚಹಾ ಮುಂದಿಟ್ಟುಕೊಂಡು ನೋಡಲೆಂದೇ ರೂಪಿಸಿದ್ದನ್ನು ಅದರ ಹೊತ್ತಿನಿಂದ ಬೇರ್ಪಡಿಸಿದ್ದು ತಪ್ಪೆಂದೇ ನನ್ನ ನಂಬಿಕೆ. 2005ರ ಮಾರ್ಚ್ 26ರಂದು ಅದು ಮರಳಿ ಬಂದದ್ದು ಶನಿವಾರದ ಸಂಜೆಗೇ. ಅದಕ್ಕೂ ಹಿಂದಿನ ವರ್ಷ ‘ಸ್ಟ್ರಿಕ್ಟ್ಲಿ ಕಮ್ ಡಾನ್ಸಿಂಗ್’ ಆರಂಭವಾಗಿತ್ತು. ನಿರೂಪಕರಲ್ಲಿ ಒಬ್ಬರು ಅದೇ ಬ್ರೂಸ್ ಫೋರ್ಸೈತ್, ಆಗ 76 ವರ್ಷ. ಪ್ರಸಿದ್ಧರು ವೃತ್ತಿನರ್ತಕರ ಜೊತೆ ಹೆಜ್ಜೆ ಹಾಕುತ್ತಾರೆ, ನೋಡುಗರು ಅಂದೇ ಮತ ಹಾಕಬೇಕು. ನಾಳೆ ನೋಡೋಣ ಎಂದರೆ ಮತದ ಹೊತ್ತು ಮೀರಿರುತ್ತದೆ. ಚದುರಿದ್ದ ಮನೆಮಂದಿ ಮತ್ತೆ ಒಂದು ಹೊತ್ತಿಗೆ ಕೂತದ್ದು ಈ ಸರಳ ನಿಯಮದಿಂದ.

‘ಗ್ರ್ಯಾಂಡ್‌ಸ್ಟ್ಯಾಂಡ್’ 2007ರ ಜನವರಿಯಲ್ಲಿ ಕೊನೆಗೊಂಡಿತು. ಅದೇ ವರ್ಷದ ಕ್ರಿಸ್‌ಮಸ್ ದಿನ, ಬೇಕಾದ್ದನ್ನು ಬೇಕಾದಾಗ ನೋಡಬಹುದಾದ ಬಿಬಿಸಿ ಐಪ್ಲೇಯರ್ ಅಧಿಕೃತವಾಗಿ ಆರಂಭವಾಯಿತು. ಅಂದಿನಿಂದ ಶನಿವಾರವನ್ನು ಹೆಣೆಯುವ ಕೆಲಸದಲ್ಲಿ ಅರ್ಧ ಪಾಲು ನೋಡುಗರ ಕೈಗೆ ಬಂದಿದೆ. ಉಳಿದರ್ಧವನ್ನು ಬಿಬಿಸಿ ಬಿಟ್ಟುಕೊಟ್ಟಿಲ್ಲ. ಶರತ್ಕಾಲದ ಶನಿವಾರಗಳಲ್ಲಿ ಸಂಜೆಗೆ ಇಂದಿಗೂ ನೃತ್ಯ, ರಾತ್ರಿಗೆ ‘ಮ್ಯಾಚ್ ಆಫ್ ದಿ ಡೇ’.