ಕನ್ನಡದ ಸೊನ್ನೆಯೂ ಗರಗಸದ ಪಿನ್ನೂ



ವೈದ್ಯರನ್ನು ಉಪನ್ಯಾಸಕ್ಕೆ ಕರೆದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ವಿಚಾರ ಬರುವುದೆಂದು ಸಭಿಕರು ನಿರೀಕ್ಷಿಸುವುದು ಸಹಜ. ಇಂದು ಆ ಶಿಕ್ಷೆ ತಮಗಿಲ್ಲ. ಈ ಸಲದ ರಾಜ್ಯೋತ್ಸವಕ್ಕೆ ಪ್ರತಿ ಮನೆಯ ಮಕ್ಕಳೂ ತಮ್ಮ ಹೆಸರನ್ನು ಮರದಲ್ಲಿ ಕನ್ನಡದಲ್ಲಿಯೇ ಕೊರೆದು ತರಬೇಕೆಂದು ಕೂಟ ತೀರ್ಮಾನಿಸಿದೆ. ಅದಕ್ಕಾಗಿ ಹಲವರು 'ಸ್ಕ್ರೋಲ್ ಸಾ' ಎಂಬ ವಿದ್ಯುತ್ ಗರಗಸವನ್ನು ಕೊಳ್ಳಲು ಹೊರಟು, ಅಂಗಡಿಯಲ್ಲಿ ಎರಡು ಬಗೆಯ ಬ್ಲೇಡುಗಳನ್ನು ಕಂಡು ಗೊಂದಲಕ್ಕೆ ಒಳಗಾಗಿದ್ದಾರೆ. ನಾವು ಬಡಗಿಗಳಲ್ಲ, ಹಿಮ ಬಿದ್ದ ಭಾನುವಾರಗಳನ್ನು ಗ್ಯಾರೇಜಿನಲ್ಲಿ ಕಳೆಯುವ ಹವ್ಯಾಸಿಗಳು. ಆ ಅನುಭವದಿಂದಲೇ ನಾಲ್ಕು ಮಾತು.

ಈ ಯಂತ್ರವನ್ನು ನೋಡದವರಿಗೆ ಒಂದು ಚಿತ್ರ ಕೊಡಬೇಕು. ಲೋಹದ ಒಂದು ಚಿಕ್ಕ ಮೇಜು, ಅದರ ಮೇಲೊಂದು ಕೆಳಗೊಂದು ತೋಳು. ತೋಳುಗಳ ನಡುವೆ ಬಿಗಿದ ಐದಂಗುಲದ ಬ್ಲೇಡು ಹೊಲಿಗೆ ಯಂತ್ರದ ಸೂಜಿಯಂತೆ ಮೇಲೆ ಕೆಳಗೆ ಆಡುತ್ತದೆ. ಹಲಗೆಯನ್ನು ನಾವು ಬಟ್ಟೆಯಂತೆ ತಿರುಗಿಸುತ್ತ ಹೋಗುತ್ತೇವೆ. ಒಂದು ಬಗೆಯ ಬ್ಲೇಡಿನ ಎರಡೂ ತುದಿಗಳಲ್ಲಿ ಅಡ್ಡಲಾಗಿ ಪುಟ್ಟ ಕಡ್ಡಿಯಂತಹ ಪಿನ್ನು ಇರುತ್ತದೆ. ಅದನ್ನು ತೋಳಿನ ಕೊಕ್ಕೆಗೆ ಸಿಕ್ಕಿಸಿದರೆ ಆಯಿತು. ಇನ್ನೊಂದು ಬಗೆಯದರ ತುದಿ ಬರಿಯ ಚಪ್ಪಟೆ. ಅದನ್ನು ಹಿಡಿಕೆಯ ಬಾಯಿಗಿಟ್ಟು ತಿರುಪಿನಿಂದ ಬಿಗಿಯಬೇಕು. ಮೊದಲನೆಯದು ಸುಲಭ, ಎರಡನೆಯದು ತುಸು ಕಿರಿಕಿರಿ. ಅಂಗಡಿಯವನು ಸುಲಭವಾದದ್ದನ್ನೇ ಮುಂದಿಡುತ್ತಾನೆ.

ಹಲಗೆಯ ಅಂಚಿನಿಂದ ಕೊಯ್ಯುವಾಗ ಈ ಎರಡರ ನಡುವಿನ ಅಂತರ ಹೆಚ್ಚಾಗಿ ತೋರುವುದಿಲ್ಲ. ಒಳಗಿನ ಬಯಲನ್ನು ತೆಗೆಯುವಾಗ ತೋರುತ್ತದೆ. ಅಲ್ಲಿ ಮೊದಲು ಬೈರಿಗೆಯಿಂದ ರಂಧ್ರ ಕೊರೆದು, ಬ್ಲೇಡಿನ ಒಂದು ತುದಿಯನ್ನು ಬಿಚ್ಚಿ ರಂಧ್ರದಲ್ಲಿ ತೂರಿಸಿ, ಮತ್ತೆ ಬಿಗಿದು ಕೊಯ್ಯಬೇಕು. ಪಿನ್ನಿನ ಬ್ಲೇಡು ತೂರಲು ಪಿನ್ನೂ ತೂರಬೇಕಲ್ಲವೇ? ಅದಕ್ಕೆ ಐದಾರು ಮಿಲಿಮೀಟರಿನ ರಂಧ್ರ ಬೇಕು. ಪಿನ್ನಿಲ್ಲದ 5ನೆಯ ನಂಬರಿನ ಬ್ಲೇಡಿನ ಅಗಲವೇ ಸುಮಾರು ಒಂದು ಮಿಲಿಮೀಟರ್; ಅದಕ್ಕೆ ಒಂದೂವರೆ ಮಿಲಿಮೀಟರಿನ ರಂಧ್ರ ಧಾರಾಳವಾಯಿತು. ಪಿನ್ನನ್ನು ಹೊರಬೇಕಾದ್ದರಿಂದ ಪಿನ್ನಿನ ಬ್ಲೇಡು ಅಗಲವಾಗಿಯೇ ಇರುತ್ತದೆ, ಹೆಚ್ಚಿನವು ಎರಡೂವರೆ ಮಿಲಿಮೀಟರಿನಷ್ಟು. ಅಗಲವಾದ ಬ್ಲೇಡು ಕಿರಿದಾದ ತಿರುವಿನಲ್ಲಿ ತಿರುಗದು.

ನಮ್ಮ ವೃತ್ತಿಯಲ್ಲಿ ಇದರ ಜೋಡಿಯೊಂದಿದೆ. ಹುಬ್ಬಳ್ಳಿಯಲ್ಲಿ ಎಂ.ಬಿ.ಬಿ.ಎಸ್. ಓದುತ್ತಿದ್ದಾಗ ಗಾಯ ಹೊಲಿಯಲು ದಾದಿಯರು ಕಣ್ಣುಳ್ಳ ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದರು. ಕಣ್ಣಿನ ಬಳಿ ದಾರ ಇಮ್ಮಡಿಯಾಗುವುದರಿಂದ ದಾರಕ್ಕಿಂತ ದೊಡ್ಡ ತೂತು ಚರ್ಮದಲ್ಲಿ ಬೀಳುತ್ತಿತ್ತು. ಅಮೆರಿಕಕ್ಕೆ ರೆಸಿಡೆನ್ಸಿಗೆ ಬಂದ ಮೇಲೆ ಕೈಗೆ ಸಿಕ್ಕಿದ್ದು ದಾರವನ್ನು ಬಾಲದಲ್ಲಿಯೇ ಬೆಸೆದಿಟ್ಟ, ಕಣ್ಣಿಲ್ಲದ ಸೂಜಿ. ಸೂಕ್ಷ್ಮವಾದ ರಕ್ತನಾಳವನ್ನೋ ಕರುಳನ್ನೋ ಹೊಲಿಯುವವರು ಈ ಸೂಜಿಯನ್ನೇ ಏಕೆ ಬಯಸುತ್ತಾರೆಂಬುದು ಸ್ಪಷ್ಟ. ರಂಧ್ರ ಕೊರೆದು ಗರಗಸ ತೂರಿಸುವ ವಿದ್ಯೆಯೂ ನಮಗೆ ಹೊಸದಲ್ಲ. ಇಟಲಿಯ ಪ್ರಸೂತಿ ತಜ್ಞ ಲಿಯೊನಾರ್ಡೊ ಜಿಗ್ಲಿ 1894ರಲ್ಲಿ ಪ್ರಕಟಿಸಿದ ತಂತಿ ಗರಗಸದಿಂದ ತಲೆಬುರುಡೆ ತೆರೆಯುವಾಗಲೂ ಮೊದಲು ಬೈರಿಗೆಯಿಂದ ತೂತು ಕೊರೆದು, ಒಂದರಿಂದ ಇನ್ನೊಂದಕ್ಕೆ ತಂತಿಯನ್ನು ತೂರಿಸಿಯೇ ಕೊಯ್ಯುತ್ತಿದ್ದರು. (ಊಟಕ್ಕೆ ಮುಂಚೆ ಈ ಮಾತು ಬೇಡವಿತ್ತೆಂದು ಶ್ರೀಮತಿಯವರ ಮುಖ ಹೇಳುತ್ತಿದೆ.)

ಈಗ ನಮ್ಮ ಲಿಪಿಗೆ ಬರೋಣ. ನೆರೆಮನೆಯ ಅಮೆರಿಕನ್ ಮಿತ್ರರು 'ಪಿನ್ನಿನ ಬ್ಲೇಡು ಸಾಕು' ಎಂದರೆ ಅವರ ಮಟ್ಟಿಗೆ ಅದು ನಿಜ. ಅವರ ದಪ್ಪಕ್ಷರಗಳಲ್ಲಿ ನೇರ ಗೆರೆಗಳೇ ಹೆಚ್ಚು. ಒಳಬಯಲಿಲ್ಲದ ಅಕ್ಷರಗಳೂ ಬಹಳ. ಕನ್ನಡವೋ ಸುತ್ತುಗಳ ಲಿಪಿ. 'ಶಂಕರ' ಎಂಬ ಹೆಸರನ್ನೇ ತೆಗೆದುಕೊಳ್ಳಿ. ಸೊನ್ನೆಗೊಂದು ಒಳಬಯಲು, ಕಕಾರದ ಹೊಟ್ಟೆಗೊಂದು, ರಕಾರಕ್ಕೊಂದು. ಒಂದಂಗುಲ ಎತ್ತರದ ಅಕ್ಷರ ಬರೆದರೆ ಸೊನ್ನೆಯ ಒಳಗೆ ನಾಲ್ಕೈದು ಮಿಲಿಮೀಟರ್ ಉಳಿದರೆ ಹೆಚ್ಚು. ಪಿನ್ನಿಗಾಗಿ ಕೊರೆದ ರಂಧ್ರವೇ ಸೊನ್ನೆಯನ್ನು ನುಂಗಿಬಿಡುತ್ತದೆ. ಕೊಯ್ಯಲು ಏನೂ ಉಳಿಯುವುದಿಲ್ಲ. ಒತ್ತಕ್ಷರಗಳ ಪಾಡು ಇನ್ನೂ ಕಷ್ಟ. 'ವಿಠಲ' ಎಂದು ಕೊರೆಯುವವರು ಠಕಾರದ ಒಳಗಿನ ಚುಕ್ಕಿ ಉದುರಿಹೋಗುವುದೆಂದು ಮೊದಲೇ ತಿಳಿದಿರಲಿ. ಅದನ್ನು ಎತ್ತಿಟ್ಟುಕೊಂಡು ಹಿಂಬದಿಯ ಹಲಗೆಗೆ ಅಂಟಿಸಬೇಕು. ಸೊನ್ನೆಗೂ ಅದೇ ಉಪಾಯ.

ಪಿನ್ನಿನ ಬ್ಲೇಡೇ ಬೇಕೆಂದರೆ ಅಕ್ಷರಗಳನ್ನು ಮೂರು ನಾಲ್ಕು ಅಂಗುಲ ಮಾಡಬೇಕಾಗುತ್ತದೆ, ಇಲ್ಲವೇ ಒಳಬಯಲನ್ನು ತುಂಬಿಬಿಡಬೇಕಾಗುತ್ತದೆ. ಇಲ್ಲಿ ಹುಟ್ಟಿದ ಮಕ್ಕಳು ವಾರಕ್ಕೊಂದು ಗಂಟೆ ಕನ್ನಡ ಶಾಲೆಯಲ್ಲಿ ಕಷ್ಟಪಟ್ಟು ಕಲಿತ ಅಕ್ಷರವನ್ನು ಯಂತ್ರದ ಅನುಕೂಲಕ್ಕಾಗಿ ಕುರುಡಾಗಿಸುವುದು ನಮಗೆ ಸಮ್ಮತವಿಲ್ಲ. ಮೈಸೂರಿನಲ್ಲಿ ಬೀಟೆ ಮರಕ್ಕೆ ಬೇರೆ ಬೇರೆ ಬಣ್ಣದ ಮರದ ಚೂರುಗಳನ್ನು ಕೂರಿಸುವ ಕುಸುರಿ ಕೆಲಸವನ್ನು ನೋಡಿದವರಿಗೆ, ತಿರುವು ಎಷ್ಟು ಕಿರಿದಾದರೆ ಅಲಗೂ ಅಷ್ಟೇ ತೆಳ್ಳಗಿರಬೇಕೆಂಬುದನ್ನು ಹೇಳಬೇಕಾಗಿಲ್ಲ.

ಆದಕಾರಣ ಪಿನ್ನಿನ ಬ್ಲೇಡನ್ನು ಮಾತ್ರ ಹಿಡಿಯುವ ಅಗ್ಗದ ಯಂತ್ರವನ್ನು ಕೊಳ್ಳಬೇಡಿ. ಎರಡನ್ನೂ ಹಿಡಿಯುವ ಯಂತ್ರಗಳು ಬೇಕಾದಷ್ಟಿವೆ. ಕಾಲಂಗುಲದ ಪ್ಲೈವುಡ್ಡಿಗೆ 2 ಅಥವಾ 3ನೆಯ ನಂಬರು, ಮುಕ್ಕಾಲಂಗುಲದ ಪೈನ್ ಮರಕ್ಕೆ 5ನೆಯ ನಂಬರು ಸಾಕು. ಕೆಳತುದಿಯ ಕೆಲವು ಹಲ್ಲುಗಳು ಮೇಲ್ಮುಖವಾಗಿರುವ ಬ್ಲೇಡು ಸಿಕ್ಕರೆ ಹಲಗೆಯ ಅಡಿಭಾಗ ಸಿಬಿರೇಳುವುದು ಕಡಿಮೆ. ಉಳಿದ ಹಲ್ಲುಗಳು ಕೆಳಮುಖವಾಗಿರಬೇಕು. ಹೊಸ ಬ್ಲೇಡಿಗೆ ಕಾರ್ಖಾನೆಯ ಎಣ್ಣೆ ಮೆತ್ತಿರುವುದುಂಟು. ಆಗ ಹಿಡಿಕೆಯಿಂದ ಜಾರುತ್ತದೆ, ಜನ ಯಂತ್ರವನ್ನು ಬಯ್ಯುತ್ತಾರೆ. ಇಂಜೆಕ್ಷನ್ನಿಗೆ ಮುಂಚೆ ತೋಳು ಒರೆಸುವಂತೆ ಸ್ಪಿರಿಟ್ಟಿನ ಹತ್ತಿಯಿಂದ ತುದಿಗಳನ್ನು ಒರೆಸಿ ಬಿಗಿಯಿರಿ.

ಪಿನ್ನಿನ ಪಕ್ಷದಲ್ಲಿಯೂ ಒಂದು ಮಾತನ್ನು ಆಡಲೇಬೇಕು, ಅದು ವೈದ್ಯರಾಗಿ. ಊರಿನಿಂದ ಆರು ತಿಂಗಳಿಗೆಂದು ಬಂದಿರುವ ತಂದೆಯವರು, ಮಾವನವರು ಈ ಕೆಲಸಕ್ಕೆ ಉತ್ಸಾಹದಿಂದ ಮುಂದಾಗಿದ್ದಾರೆ. ಹೆಬ್ಬೆರಳಿನ ಬುಡದಲ್ಲಿ ಸಂಧಿವಾತ ಇರುವವರಿಗೆ ಸಣ್ಣ ತಿರುಪನ್ನು ಪದೇ ಪದೇ ಬಿಗಿಯುವುದು ಯಾತನೆ. ಸಕ್ಕರೆ ಕಾಯಿಲೆಯಿಂದ ಬೆರಳ ತುದಿ ಜೋಮು ಹಿಡಿದವರಿಗೆ ತೆಳುವಾದ ಬ್ಲೇಡು ಹಿಡಿಕೆಯಲ್ಲಿ ಸರಿಯಾಗಿ ಕೂತಿತೋ ಇಲ್ಲವೋ ತಿಳಿಯದು. ಇಂಥವರು ಹೊರಗೆರೆಯನ್ನು ಪಿನ್ನಿನ ಬ್ಲೇಡಿನಿಂದ ಕೊಯ್ದುಕೊಡಲಿ, ಒಳಬಯಲನ್ನು ಮೊಮ್ಮಕ್ಕಳು ತೆಗೆಯಲಿ. ತಿರುಪಿನ ಬದಲು ಸನ್ನೆಯಿಂದ ಬಿಗಿಯುವ ಹಿಡಿಕೆಯಿರುವ ಯಂತ್ರ ಸಿಕ್ಕರೆ ಹಿರಿಯರಿಗೂ ಪಿನ್ನಿಲ್ಲದ್ದೇ ಆದೀತು.

ದೂಳಿನ ವಿಚಾರ ಚಿಕ್ಕದಾಗಿ. ಮರದ ದೂಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಆ ಅಪಾಯ ಮುಖ್ಯವಾಗಿ ವರ್ಷಗಟ್ಟಲೆ ದೂಳಿನಲ್ಲಿ ದುಡಿಯುವವರದು. ಆದರೂ ಮುಖವಾಡ, ಕನ್ನಡಕ ಇಲ್ಲದೆ ಮಕ್ಕಳನ್ನು ಯಂತ್ರದ ಮುಂದೆ ಕೂರಿಸಬೇಡಿ. ಬ್ಲೇಡು ಬದಲಿಸುವಾಗ ಪ್ಲಗ್ಗನ್ನು ಕಿತ್ತಿಡಿ.

ಹಿಂದಿನ ಮೇಜಿನ ಮೇಲೆ ಎರಡೂ ಬಗೆಯ ಬ್ಲೇಡಿನಿಂದ ಕೊಯ್ದ 'ಶಂಕರ' ಹಲಗೆಗಳಿವೆ. ಸೊನ್ನೆಗಳನ್ನು ಹೋಲಿಸಿ ನೋಡಿ. ಯಂತ್ರವೂ ಅಲ್ಲಿದೆ, ಪ್ಲಗ್ಗು ಕಿತ್ತಿದೆ. ಕಾಫಿಯ ಹೊತ್ತಿನಲ್ಲಿ ಬೆರಳು ನೋಯುವ ಹಿರಿಯರು ಮೊದಲು ಬಂದು ತಿರುಪನ್ನು ತಿರುಗಿಸಿ ನೋಡಲಿ, ಮಕ್ಕಳು ಆಮೇಲೆ.