ನೆರವಿಗೂ ತಯಾರಿ ಬೇಕು



ಸೇವೆಗೆ ಹೊರಡುವವರಿಗೆ ಒಳ್ಳೆಯ ಮನಸ್ಸೊಂದೇ ಸಾಲದು, ತಯಾರಿಯೂ ಬೇಕು. 2018ರ ಆಗಸ್ಟ್ ತಿಂಗಳು ಕೊಡಗಿಗೆ ಕಲಿಸಿದ ಪಾಠ ಇದು. ಮಕ್ಕಂದೂರು, ಜೋಡುಪಾಲ, ಕಾಲೂರು ಕಡೆ ಭಾರಿ ಮಳೆಗೆ ಗುಡ್ಡ ಜರಿದಾಗ ಸಾವಿರಾರು ಜನ ಮನೆ ತೊರೆದು ಪರಿಹಾರ ಕೇಂದ್ರ ಸೇರಿದರು. ನಾಡಿನ ಮೂಲೆ ಮೂಲೆಯಿಂದ ಅಕ್ಕಿ, ಬಟ್ಟೆ, ಕಂಬಳಿ, ಹಣ ಹರಿದುಬಂತು. ಆ ಔದಾರ್ಯವನ್ನು ಕೊಡಗು ಮರೆಯದು.

ಆದರೆ ಮಳೆ ನಿಂತ ಮೇಲೂ ಕಷ್ಟ ನಿಲ್ಲುವುದಿಲ್ಲ. ಕರ್ಣಂಗೇರಿ, ಮದೆನಾಡು, ಜಂಬೂರುಗಳಲ್ಲಿ ಸಂತ್ರಸ್ತರಿಗೆ ಹೊಸ ಮನೆಗಳು ಏಳಲು ತಿಂಗಳುಗಳು, ವರ್ಷಗಳೇ ಹಿಡಿದವು. ಮಣ್ಣು ಮುಚ್ಚಿದ ಗದ್ದೆ, ಕೊಚ್ಚಿಹೋದ ಕಾಫಿ ತೋಟ ಒಂದು ಹಂಗಾಮಿನಲ್ಲಿ ಮರಳಿ ಬರುವಂಥವಲ್ಲ.

ಆದ್ದರಿಂದ ಇಂಥ ಹೊತ್ತಿನಲ್ಲಿ ಹಣ ಕೂಡಿಸುವ ಮೊದಲು, ನೊಂದ ಊರಿನವರಿಗೆ ಏನು ಬೇಕೆಂದು ಕೇಳೋಣ. ಬಂದ ಪ್ರತಿ ರೂಪಾಯಿಗೂ ಲೆಕ್ಕ ಇಡೋಣ, ಕೊಟ್ಟವರಿಗೆ ಅದನ್ನು ತೋರಿಸೋಣ. ಒಂದು ಪಾಲನ್ನು ಮುಂದಿನ ತಿಂಗಳುಗಳಿಗೆ ಉಳಿಸೋಣ. ನೆರವಿಗೆ ಹೋಗುವವರು ತಮ್ಮ ಊಟ, ಔಷಧಿ, ಮಳೆಯಂಗಿ ತಾವೇ ಒಯ್ಯಲಿ. ಸ್ಥಳೀಯರ ಮಾತಿನಂತೆ ನಡೆಯಲಿ. ನೊಂದವರ ಫೋಟೊ ತೆಗೆಯುವ ಮುನ್ನ ಅವರ ಒಪ್ಪಿಗೆ ಪಡೆಯಲಿ.

ಕೊಡುವ ಕೈಗೆ ವಿವೇಕವೂ ಜೊತೆಯಾಗಲಿ. ಮುಂದಿನ ಮಳೆಗಾಲಕ್ಕೆ ಮುನ್ನವೇ ನಿಮ್ಮ ಊರಿನಲ್ಲಿ ಹೀಗೆ ತಯಾರಾದ ಒಂದು ನೆರವಿನ ತಂಡ ಕಟ್ಟಿ.